ಕತ್ತಲೆಯ ಕುಲುಮೆ

ಮೇಳಿಗೆಯ ಗೃಹಸ್ಥರೊಬ್ಬರು ಬರೆದ ಪತ್ರ ಎರಡು ತಿಂಗಳಿನಿಂದ ನಮ್ಮ ಮುಂದಿದೆ. ಸಂಕೋಚದಿಂದ ಆರಂಭವಾಗಿ ಸಿಟ್ಟಿನಲ್ಲಿ ಮುಗಿಯುವ ಪತ್ರವದು. ಅವರ ಮಗ ಡಿಪ್ಲೊಮಾ ಮುಗಿಸಿ, ಎರಡು ವರ್ಷ ಬೆಂಗಳೂರಿನಲ್ಲಿ ದುಡಿದು, ಅಡಿಕೆ ತೋಟ ನೋಡಿಕೊಳ್ಳಲೆಂದು ಊರಿಗೆ ಮರಳಿದ್ದಾನೆ. ಬಂದವನಿಗೆ ಕಬ್ಬಿಣದ ಕೆಲಸದ ಹುಚ್ಚು ಹತ್ತಿದೆ. ಹಿತ್ತಿಲಿನಲ್ಲಿ ತಾನೇ ಒಂದು ಒಲೆ ಕಟ್ಟಿ, ಅದಕ್ಕೆ ವಿದ್ಯುತ್ತಿನ ಗಾಳಿಯಂತ್ರ ಜೋಡಿಸಿ, ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕೊಡಲಿ ಮಾಡತೊಡಗಿದ್ದಾನೆ. ಮೊದಲನೆಯದು ಬೆಂಕಿಯಲ್ಲೇ ಸುಟ್ಟು ಕರಗಿತು. ಎರಡನೆಯದರ ಬೆಸುಗೆ ಬಾಯಿಬಿಟ್ಟಿತು. ಮೂರನೆಯದು ನೋಡಲು ಚೆಂದವಾಗಿ ಬಂದಿತು. ಅದನ್ನು ಸಮೀಪದ ಕುಲುಮೆಯ ವೃದ್ಧ ಆಚಾರ್ರಿಗೆ ತೋರಿಸಲು ತಂದೆ ಮಗ ಇಬ್ಬರೂ ಹೋದರಂತೆ. ಆಚಾರ್ರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಡಿಗಲ್ಲಿನ ಅಂಚಿಗಿಟ್ಟು, ಎರಡು ಪೆಟ್ಟಿಗೆ ಅದರ ಬಾಯಿಯ ಒಂದು ಭಾಗವನ್ನು ಮುರಿದುಹಾಕಿದರು. ಏನೂ ಹೇಳಲಿಲ್ಲ. ಮುರಿದ ತುಂಡನ್ನು ಹುಡುಗನ ಕೈಗಿತ್ತು, "ನಾಳೆ ಬಾ ತಮ್ಮಾ" ಎಂದರಂತೆ.

"ತಮ್ಮ ಕಸುಬು ಬೇರೆಯವರ ಕೈಗೆ ಹೋಗಬಾರದೆಂಬ ಹೊಟ್ಟೆಕಿಚ್ಚಲ್ಲದೆ ಇದು ಮತ್ತೇನು, ಅಯ್ಯನವರೆ? ಕುಲುಮೆಗೊಂದು ಕಿಟಕಿಯೂ ಇಲ್ಲ. ಹಗಲಲ್ಲೂ ಕತ್ತಲು. ಗುಟ್ಟು ಯಾರಿಗೂ ಕಾಣಬಾರದೆಂದೇ ಹಾಗೆ ಕಟ್ಟಿದ್ದಾರೆ. ಅಲ್ಲಿಗೆ ನಮ್ಮ ಮನೆಯ ಹುಡುಗ ದಿನವೂ ಹೋಗಿ ತಿದಿ ಒತ್ತುತ್ತ ಕೂರುವುದು ನಮಗೆ ಒಪ್ಪುವ ಮಾತೇ?" ಎಂದು ಪತ್ರ ಮುಗಿಯುತ್ತದೆ.

ಇಂಥ ಪತ್ರಕ್ಕೆ ಕುಳಿತಲ್ಲಿಂದಲೇ ಉತ್ತರ ಬರೆಯುವುದು ಉಚಿತವೆನಿಸಲಿಲ್ಲ. ಮಾಘ ಮಾಸದಲ್ಲಿ ತೀರ್ಥಹಳ್ಳಿಯ ಕಡೆ ಹೋಗುವ ಕಾರಣ ಒದಗಿತು. ಮೇಳಿಗೆಗೂ ಹೋಗಿ, ಆ ಕುಲುಮೆಯಲ್ಲಿ ಎರಡು ದಿನ ಕುಳಿತೆವು.

ಮೊದಲು ಒಪ್ಪುವ ಒಪ್ಪದ ಮಾತನ್ನು ತೀರಿಸಿಬಿಡೋಣ, ಏಕೆಂದರೆ ಅದರಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಕುಲವೆಂಬುದು ಮಾಡುವ ಕೆಲಸದಿಂದ ಬಂದ ಹೆಸರೇ ಹೊರತು ಹುಟ್ಟಿನಿಂದ ಬಂದುದಲ್ಲವೆಂದು ಬಸವಣ್ಣನವರು ಒಂದು ವಚನದಲ್ಲಿ ಕಸುಬುಗಳನ್ನು ಸಾಲಾಗಿ ಹೇಳುತ್ತಾರೆ. ಆ ಸಾಲಿನಲ್ಲಿ ಮೊದಲು ಬರುವವನು ಕಮ್ಮಾರನೇ, ವೇದ ಓದಿದವನು ಅವನ ಹಿಂದೆ ಬರುತ್ತಾನೆ. ಬಾಚಿಯನ್ನೇ ಕಾಯಕದ ಗುರುತಾಗಿ ಹೆಸರಿಗೆ ಸೇರಿಸಿಕೊಂಡ ಬಾಚಿಕಾಯಕದ ಬಸವಯ್ಯನವರು ನಮ್ಮ ವಚನಕಾರರ ಪಂಕ್ತಿಯಲ್ಲಿದ್ದಾರೆ. ಅವರ ಧರ್ಮಪತ್ನಿ ಕಾಳವ್ವೆಯೂ ವಚನಕಾರ್ತಿ. ಇನ್ನು ಕೊಡಲಿಯ ಮಾತು ಬಂದಮೇಲೆ ಮೋಳಿಗೆಯ ಮಾರಯ್ಯನವರನ್ನು ನೆನೆಯದಿರುವುದು ಹೇಗೆ? ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಾಡಿನಲ್ಲಿ ಸೌದೆ ಕಡಿದು, ಹೊರೆ ಹೊತ್ತು ಮಾರಿ, ಅದರಿಂದ ದಾಸೋಹ ನಡೆಸಿದ ದಂಪತಿಗಳು ಅವರು ಮತ್ತು ಮಹಾದೇವಿಯಮ್ಮನವರು. ಮೋಳಿಗೆಯೆಂದರೆ ಸೌದೆಯ ಹೊರೆ. (ಮೇಳಿಗೆಗೂ ಮೋಳಿಗೆಗೂ ಸಂಬಂಧ ಕಲ್ಪಿಸಿ ಆ ಮನೆಯ ಅಜ್ಜಿಯೊಬ್ಬರು ನಮಗೆ ಕಥೆ ಹೇಳಿದರು. ಇದು ಉಚ್ಚಾರದ ಸಾದೃಶ್ಯ ಮಾತ್ರ. ಆದರೂ ಅಜ್ಜಿಯ ಮಾತನ್ನು ಅಲ್ಲಗಳೆಯುವ ಮನಸ್ಸಾಗಲಿಲ್ಲ.) ರಾಜ್ಯ ಬಿಟ್ಟವನು ಕೊಡಲಿ ಹಿಡಿಯಬಹುದಾದರೆ, ಅಡಿಕೆ ತೋಟದ ಮನೆಯ ಮಗ ಕೊಡಲಿ ಮಾಡಲು ಕಲಿಯುವುದರಲ್ಲಿ ಕುಂದೇನಿದೆ? ವಿಶ್ವಕರ್ಮರ ಕುಲುಮೆಯಲ್ಲಿ ವಿದ್ಯೆಯಿದೆ, ವಿದ್ಯೆ ಇದ್ದಲ್ಲಿಗೆ ಕಲಿಯುವವನೇ ಹೋಗಬೇಕು. ಅಷ್ಟೇ.

ಕಠಿಣವಾದದ್ದು ಇನ್ನೊಂದು ಪ್ರಶ್ನೆ. ಆಚಾರ್ರು ಗುಟ್ಟನ್ನು ಬಚ್ಚಿಟ್ಟರೇ?

ಆ ಸೀಮೆಯಲ್ಲಿ ಕೊಡಲಿಯ ವಿಷಯ ಸಣ್ಣದಲ್ಲ. ತಾಯಿಯನ್ನು ಕೊಂದ ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ, ತೀರ್ಥಹಳ್ಳಿಯ ತುಂಗೆಯಲ್ಲಿ ಹೋಯಿತೆಂಬುದು ಐತಿಹ್ಯ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಜನ ಅಲ್ಲಿಯ ರಾಮಕೊಂಡದಲ್ಲಿ ಮೀಯುವುದು ಆ ನಂಬಿಕೆಯಿಂದಲೇ. ಪುರಾಣದಲ್ಲಿ ಆ ಕೊಡಲಿಯನ್ನು ಕೊಟ್ಟವನು ಶಿವ. ಕಥೆಯನ್ನು ಬದಿಗಿಟ್ಟು ಕಣ್ಣಿಗೆ ಕಾಣುವುದನ್ನೇ ಹೇಳುವುದಾದರೆ, ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಎತ್ತರವಾದ ಕಬ್ಬಿಣದ ಕಂಬವೊಂದಿದೆ. ಮಳೆಗಾಲದ ಆ ಬೆಟ್ಟದಲ್ಲಿ ಅದು ತುಕ್ಕಿಗೆ ಬಲಿಯಾಗದೆ ನಿಂತಿರುವುದನ್ನು ಕಂಡು, ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಅವರು ಪರೀಕ್ಷಿಸಿ ೧೯೯೯ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅದು ಎರಕದ ಕಂಬವಲ್ಲ, ದೇಶೀಯ ರೀತಿಯಲ್ಲಿ ತಯಾರಾದ ಮೆದು ಕಬ್ಬಿಣವನ್ನು ಕಾಸಿ, ಬಡಿದು, ಕೂಡಿಸಿ ಮಾಡಿದ್ದು. ಮೇಳಿಗೆಯಲ್ಲೇ ಇರುವ ಅನಂತನಾಥ ಬಸದಿಯ ಶಿಲ್ಪವನ್ನು ನೋಡುವವರು ಕಲ್ಲುಕುಟಿಗನನ್ನು ಹೊಗಳುತ್ತಾರೆ. ಅವನ ಮೊಂಡಾದ ಉಳಿಯನ್ನು ಮತ್ತೆ ಮತ್ತೆ ಕಾಸಿ ಹದಗೊಳಿಸಿ ಕೊಡುವವನು ಹಿಂದೆ ಇದ್ದೇ ಇರಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಳೆಗಾಲದ ಹಳ್ಳಗಳು ಹೊತ್ತು ತಂದ ಕರಿಮರಳನ್ನು ಕರಗಿಸಿ ಕಬ್ಬಿಣ ತೆಗೆಯುವ ಕ್ರಮವನ್ನು ಬರೆದಿಟ್ಟಿದ್ದಾನೆ. ಯುರೋಪಿನವರು ನಮ್ಮ ಉಕ್ಕಿಗೆ ಕೊಟ್ಟ 'ವೂಟ್ಸ್' ಎಂಬ ಹೆಸರು ಕನ್ನಡದ 'ಉಕ್ಕು' ಶಬ್ದದಿಂದಲೇ ಹೋದುದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ.

ಇಷ್ಟೆಲ್ಲ ಇದ್ದ ವಿದ್ಯೆಯಲ್ಲಿ ಗುಟ್ಟು ಇರಲಿಲ್ಲವೆಂದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ ಆಯುಧಕ್ಕೆ ಪಾನ ಕೊಡುವ ಬಗೆಗಳು ಬಂದಿವೆ. ಬಾಳೆಯ ಕ್ಷಾರವನ್ನು ಮಜ್ಜಿಗೆಯಲ್ಲಿ ಬೆರೆಸಿ ಒಂದು ದಿನ ಇಟ್ಟು, ಅದರಲ್ಲಿ ಅದ್ದಿದ ಕಬ್ಬಿಣವು ಕಲ್ಲಿಗೆ ಹೊಡೆದರೂ ಮುರಿಯದೆಂದು ಅಲ್ಲಿ ಹೇಳಿದೆ. ಕುದುರೆ, ಒಂಟೆಗಳ ಹಾಲಿನ ಪ್ರಸ್ತಾಪವೂ ಉಂಟು. ಆ ಭಾಗವನ್ನು ಮೇಳಿಗೆಯ ಆಚಾರ್ರಿಗೆ ಅರ್ಥ ಮಾಡಿ ಹೇಳಿದಾಗ ಅವರು ನಕ್ಕರು. "ಮಜ್ಜಿಗೆ ಕುಡಿಯೋಕೆ ಇರಲಿ ಅಯ್ಯನೋರೆ. ಕಾವು ತಪ್ಪಿದ ಮೇಲೆ ಯಾವುದರಲ್ಲಿ ಅದ್ದಿದರೂ ಅಷ್ಟೆ" ಎಂದರು.

ಕಾವು! ಈ ಒಂದು ಶಬ್ದದಲ್ಲಿ ಕೊಡಲಿಯ ಎರಡು ತುದಿಗಳೂ ಇವೆ. ಕಾವೆಂದರೆ ಬೆಂಕಿಯ ಶಾಖ, ಕಾವೆಂದರೆ ಕೊಡಲಿಯ ಹಿಡಿಯೂ ಹೌದು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯಲ್ಲಿರುವುದು ಎರಡನೆಯದು.

ಕೊಡಲಿ ಹುಟ್ಟುವ ಕ್ರಮವನ್ನು ಕಂಡಂತೆ ಹೇಳುತ್ತೇವೆ. ಸುಮಾರು ಒಂದು ಅಡಿ ಉದ್ದ, ಒಂದೂವರೆ ಅಂಗುಲ ಅಗಲ, ಅರ್ಧ ಅಂಗುಲ ದಪ್ಪದ ಮೆದು ಕಬ್ಬಿಣದ ಪಟ್ಟಿಯನ್ನು ತೆಗೆದುಕೊಂಡರೆ ಒಂದು ಕಿಲೋಗ್ರಾಂ ತೂಕದ ಆಸುಪಾಸಿನ ಕೊಡಲಿಯಾಗುತ್ತದೆ. ಪಟ್ಟಿಯ ನಡುಭಾಗವನ್ನು ಕಾಸಿ ತೆಳುವಾಗಿ ಬಡಿಯುತ್ತಾರೆ. ಅಲ್ಲಿ ಅದು ಬಾಗಿ, ಕಾವು ಕೂರುವ ತೂತಾಗುತ್ತದೆ. ಕಬ್ಬಿಣದ ದಿಂಡಿನ ಸುತ್ತ ಪಟ್ಟಿಯನ್ನು ಮಡಚಿ, ಎರಡು ತುದಿಗಳನ್ನು ಕೂಡಿಸಿ, ಆ ತುದಿಗಳ ನಡುವೆ ಉಕ್ಕಿನ ಒಂದು ತುಂಡನ್ನು ತೂರಿಸುತ್ತಾರೆ. ಕಡಿಯುವುದು ಈ ಉಕ್ಕು. ಪೆಟ್ಟನ್ನು ತಾಳಿಕೊಳ್ಳುವುದು ಸುತ್ತಲಿನ ಮೆದು ಕಬ್ಬಿಣ. ಎಲ್ಲವೂ ಉಕ್ಕೇ ಆದರೆ ಕೊಡಲಿ ಮುರಿಯುತ್ತದೆ, ಎಲ್ಲವೂ ಮೆದು ಕಬ್ಬಿಣವಾದರೆ ಬಾಯಿ ಮಡಚಿಕೊಳ್ಳುತ್ತದೆ.

ಆಮೇಲೆ ಬೆಸುಗೆ. ಬಿಳಿಗಾರವನ್ನೋ ಶುದ್ಧವಾದ ಮರಳನ್ನೋ ಉದುರಿಸಿ, ಇದ್ದಿಲಿನ ನಡುವೆ ಹುದುಗಿಸಿ ಕಾಸುತ್ತಾರೆ. ಕೆಂಪು ಕಳೆದು, ಕಿತ್ತಳೆ ಕಳೆದು, ಹಳದಿಯೂ ಬಿಳಿಚಿಕೊಂಡು, ಮೇಲೆ ಬಿಳಿಗಾರ ಎಣ್ಣೆಯಂತೆ ಹರಿಯತೊಡಗಿದಾಗ ಹೊರತೆಗೆದು ಹಗುರವಾಗಿ, ಬೇಗಬೇಗ ಬಡಿಯಬೇಕು. ಅಲ್ಲಿ ಬಲ ತೋರಿಸಿದವನ ಬೆಸುಗೆ ಜಾರುತ್ತದೆ. ಕ್ಷಣ ತಡವಾದರೆ ಕಿಡಿಗಳು ಹೂವಿನಂತೆ ಸಿಡಿಯುತ್ತವೆ. ಆಗ ಅದು ಕಾದದ್ದಲ್ಲ, ಸುಟ್ಟದ್ದು. ಸುಟ್ಟ ಉಕ್ಕು ಯಾವ ಉಪಾಯಕ್ಕೂ ಮರಳಿ ಬರುವುದಿಲ್ಲ.

ಹುಡುಗನ ಮೊದಲ ಕೊಡಲಿ ಹೀಗೇ ಹೋಯಿತು. ವಿದ್ಯುತ್ತಿನ ಗಾಳಿಯಂತ್ರಕ್ಕೆ ದಣಿವಿಲ್ಲ, ನಿಲ್ಲಿಸುವ ಬುದ್ಧಿಯೂ ಇಲ್ಲ. ತಿದಿ ಒತ್ತುವ ಕೈ ಬೆಂಕಿಯನ್ನು ನೋಡುತ್ತ ನಿಧಾನಿಸುತ್ತದೆ. ಹೊಸಬನನ್ನು ಮೊದಲ ತಿಂಗಳು ತಿದಿಗೆ ಕೂರಿಸುವುದು ಕೂಲಿ ಉಳಿಸಲಿಕ್ಕಲ್ಲ. ಸುತ್ತಿಗೆ ಹಿಡಿಯುವ ಮೊದಲು ಅವನ ಕಣ್ಣು ಬೆಂಕಿಯ ಬಣ್ಣಗಳನ್ನು ಕಲಿಯಬೇಕು. ಎರಡನೆಯ ಕೊಡಲಿಯ ಬೆಸುಗೆ ಬಿಟ್ಟದ್ದಕ್ಕೆ ಕಾರಣ ಸಾಮಗ್ರಿ. ಲಾರಿಯ ಸ್ಪ್ರಿಂಗ್ ಪಟ್ಟಿ ಒಳ್ಳೆಯ ಉಕ್ಕೇ, ನಮ್ಮ ಹಳ್ಳಿಗಳ ಎಷ್ಟೋ ಕತ್ತಿಗಳು ಅದರಿಂದಲೇ ಆಗಿವೆ. ಆದರೆ ಅದರಲ್ಲಿ ಇಂಗಾಲದ ಜೊತೆಗೆ ಸಿಲಿಕಾನ್, ಕ್ರೋಮಿಯಂ ಮುಂತಾದ ಧಾತುಗಳು ಬೆರೆತಿರುತ್ತವೆ. ಕಾಸಿ ಕೂಡಿಸುವ ಬೆಸುಗೆಗೆ ಅದು ಸುಲಭವಾಗಿ ಒಗ್ಗುವುದಿಲ್ಲ. ಒಂದೇ ತುಂಡಿನಲ್ಲಿ ತೂತು ಹೊಡೆದು ಕೊಡಲಿ ಮಾಡಲು ಅದು ಆದೀತು, ಮಡಚಿ ಬೆಸೆಯುವುದಕ್ಕಲ್ಲ. ಹೊಸ ಕೈಗೆ ಹಳೆಯ ಅರದ ತುಂಡು ಬೆಸುಗೆಗೆ ಸುಲಭವೆಂದು ಆಚಾರ್ರು ಹೇಳಿದರು.

ಮೂರನೆಯದನ್ನೇ ಅವರು ಮುರಿದದ್ದು. ಅದನ್ನು ಹುಡುಗ ಒಂದೇ ತುಂಡಿನಲ್ಲಿ ಮಾಡಿದ್ದ. ಅರದಿಂದ ತೀಡಿ ಬೆಳ್ಳಗೆ ಹೊಳೆಯಿಸಿದ್ದ. ಮುರಿದ ತುಂಡನ್ನು ಅವನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದನಷ್ಟೆ. ನಾವು ಕೇಳಿದಾಗ ಬಿಚ್ಚಿ ತೋರಿಸಿದ. ಮುರಿದ ಮುಖವು ಸಕ್ಕರೆಯ ಹರಳುಗಳನ್ನು ಒತ್ತೊತ್ತಾಗಿ ಮೆತ್ತಿದಂತೆ ಹೊಳೆಯುತ್ತಿತ್ತು. ಆಚಾರ್ರು ಮಾತಾಡದೆ ಎದ್ದು, ಮೂಲೆಯಿಂದ ತಮ್ಮ ಒಂದು ಹಳೆಯ ಉಳಿಯನ್ನು ತಂದು, ತುದಿ ಮುರಿದು ಅದರ ಪಕ್ಕದಲ್ಲಿಟ್ಟರು. ಅದರ ಮುಖ ನುಣುಪಾದ ಬೂದಿಬಣ್ಣ. ಹರಳು ಕಾಣಲೇ ಇಲ್ಲ.

ಇಷ್ಟೇ ಗುಟ್ಟು. ಉಕ್ಕನ್ನು ಬೇಕಾದುದಕ್ಕಿಂತ ಹೆಚ್ಚು ಕಾಸಿದರೆ ಅದರ ಕಣಗಳು ದಪ್ಪಗಾಗುತ್ತವೆ. ಅದೇ ಸ್ಥಿತಿಯಲ್ಲಿ ನೀರಿಗೆ ಅದ್ದಿದರೆ ಅದು ಗಾಜಿನಂತೆ ಗಡುಸಾಗಿ ಗಾಜಿನಂತೆಯೇ ಒಡೆಯುತ್ತದೆ. ಹೊರಗಿನ ಹೊಳಪಿನಿಂದ ಇದು ತಿಳಿಯದು, ಮುರಿದಾಗಲೇ ತಿಳಿಯುವುದು. ಆಚಾರ್ರು ಮುರಿದು ಹುಡುಗನ ಕೈಗಿತ್ತದ್ದು ಅವನ ಸೋಲನ್ನಲ್ಲ, ಪಾಠವನ್ನು. ಎರಡು ಮಾತಿನಲ್ಲಿ ಹಾಗೆಂದು ಹೇಳಬಹುದಿತ್ತಲ್ಲವೇ ಎಂದು ತಂದೆ ಕೇಳಿದರು. ಹೇಳಬಹುದಿತ್ತು. ಕುಲುಮೆಯಲ್ಲಿ ಬಾಯಿಮಾತಿನ ಪಾಠ ಕಡಿಮೆ. ಹಾಗಿರುವುದೆಲ್ಲ ಒಳ್ಳೆಯದೆಂದು ನಾವೂ ಹೇಳುವುದಿಲ್ಲ.

ಹುಡುಗ ಅಷ್ಟು ಹೆಚ್ಚು ಕಾಸಿದ್ದೇಕೆ? ಕಿಟಕಿಯಿಲ್ಲದ ಕುಲುಮೆಗೆ ಉತ್ತರ ಇಲ್ಲಿದೆ. ಉಕ್ಕಿಗೆ ನೀರು ಕೊಡುವ ಕಾವು ಸುಮಾರು ಎಂಟುನೂರು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಮಾಗಿದ ಹಣ್ಣಿನ ಕೆಂಪು ಅದರ ಬಣ್ಣ. ಕತ್ತಲೆಯಲ್ಲಿ ಈ ಕೆಂಪು ಸ್ಪಷ್ಟವಾಗಿ ಕಾಣುತ್ತದೆ. ಹಿತ್ತಿಲಿನ ಬಿಸಿಲಿನಲ್ಲಿ ಅದೇ ಉಕ್ಕು ಕಪ್ಪಗೆ ಕಾಣುತ್ತದೆ. ಇನ್ನೂ ಕಾದಿಲ್ಲವೆಂದು ಹೊಸಬ ಮತ್ತೆ ಮತ್ತೆ ಗಾಳಿ ಹಾಕುತ್ತಾನೆ. ಬಿಸಿಲಿನಲ್ಲಿ ಕೆಂಪು ಕಾಣುವ ಹೊತ್ತಿಗೆ ಉಕ್ಕು ಹಳದಿಗೆ ಸಮೀಪಿಸಿರುತ್ತದೆ. ಗೃಹಸ್ಥರೇ, ನೀವು ಗುಟ್ಟು ಮುಚ್ಚಲೆಂದು ತಿಳಿದ ಆ ಕತ್ತಲು ಕಬ್ಬಿಣದ ಬಣ್ಣ ಕಾಣಲೆಂದು ಇರುವಂಥದು. ಅದನ್ನು ಬಚ್ಚಿಡುವ ಮನಸ್ಸಿದ್ದರೆ ಆಚಾರ್ರು ನಿಮ್ಮ ಮಗನನ್ನು "ನಾಳೆ ಬಾ" ಎನ್ನುತ್ತಿರಲಿಲ್ಲ.

ಡಿಪ್ಲೊಮಾ ಓದಿದವನಿಗೆ ಒಂದು ಉಪಾಯ ತಿಳಿದಿತ್ತು. ಸುಮಾರು ೭೭೦ ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತದೆ. ತಂತಿಯಲ್ಲಿ ಅಯಸ್ಕಾಂತವನ್ನು ತೂಗುಹಾಕಿ, ಕಾದ ಉಕ್ಕನ್ನು ಸೋಕಿಸಿ, ಅಂಟದಾದ ಮೇಲೆ ಇನ್ನು ತುಸುವೇ ಕಾಸಿ ಅದ್ದಬಹುದು. ಆಚಾರ್ರು ಇದನ್ನು ಕೇಳಿ ನಗಲಿಲ್ಲ. ತಾವೇ ಎರಡು ಸಲ ಪರೀಕ್ಷಿಸಿ ನೋಡಿ, ತಮ್ಮ ಕಣ್ಣಿನ ಲೆಕ್ಕಕ್ಕೂ ಅದಕ್ಕೂ ಹೊಂದುತ್ತದೆಂದು ಕಂಡು, ಅಯಸ್ಕಾಂತವನ್ನು ಗೋಡೆಯ ಗೂಡಿನಲ್ಲಿಟ್ಟರು. "ನೀನು ಬಂದಾಗ ತಗೋ" ಎಂದರು.

ನೀರು ಕೊಟ್ಟಮೇಲೂ ಕೆಲಸ ಮುಗಿಯುವುದಿಲ್ಲ. ಬಾಯಿಯ ಒಂದು ಒಂದೂವರೆ ಅಂಗುಲವನ್ನಷ್ಟೇ ಅದ್ದಿ ತೆಗೆಯುತ್ತಾರೆ. ತೂತಿನ ಭಾಗ ಅದ್ದಬಾರದು, ಅಲ್ಲಿ ಮೆದುತನ ಬೇಕು. ಹೊರತೆಗೆದ ಕೂಡಲೇ ಬಾಯಿಯನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿದರೆ, ಹಿಂಭಾಗದಲ್ಲಿ ಉಳಿದ ಶಾಖ ಮುಂದಕ್ಕೆ ಹರಿದು ಬರುವುದು ಬಣ್ಣಗಳಲ್ಲಿ ಕಾಣುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಸಣ್ಣ ಚಾಕುವಿಗೆ ಹಳದಿ ಸಾಕು. ಮರದ ಗಂಟಿಗೆ ಹೊಡೆಯುವ ಕೊಡಲಿಗೆ ನೇರಳೆ ದಾಟಿ ನೀಲಿ ಮೂಡುವವರೆಗೆ ಕಾಯಬೇಕು. ಆಗ ಪೂರ್ತಿ ತಣಿಸಬೇಕು. ಎಣಿಸಿದರೆ ಎಲ್ಲ ಅರ್ಧ ನಿಮಿಷದ ಮಾತು. ನಮಗೆ ಆ ಹೊತ್ತಿನಲ್ಲಿ ಉಸಿರಾಡುವುದೂ ಮರೆತಿತ್ತು.

ಮುರಿಯಲೇಬೇಕಿತ್ತೇ ಎಂಬ ಪ್ರಶ್ನೆ ಉಳಿಯಿತು. ಹುಡುಗನ ಆ ಕೊಡಲಿಯನ್ನು ಮನೆಯ ತೋಟದ ಆಳಿಗೆ ಕೊಡುವುದೆಂದು ತಂದೆ ನಿಶ್ಚಯಿಸಿದ್ದರು. ಹಲಸಿನ ಕೊರಡಿಗೆ ಹೊಡೆದಾಗ ಬಾಯಿಯ ಚೂರು ಸಿಡಿದರೆ ಅದು ಹೋಗಿ ತಗಲುವುದು ಮಾಡಿದವನಿಗಲ್ಲ, ಹಿಡಿದವನ ಕಣ್ಣಿಗೆ. ತೂತು ಓರೆಯಾಗಿದ್ದರೆ ಏಟು ಜಾರಿ ಬೀಳುವುದು ಹಿಡಿದವನ ಮೊಣಕಾಲಿಗೆ. ತೂತಿನ ಮೇಲ್ಬದಿ ಕೆಳಬದಿಗಿಂತ ತುಸು ಅಗಲವಿರದಿದ್ದರೆ ಕಾವು ಬಿಗಿಯಾಗಿ ಕೂರದೆ, ಬೀಸಿದಾಗ ಕೊಡಲಿ ಹಾರಿ ಎದುರು ನಿಂತವನ ಎದೆಗೆ ಬಡಿಯಬಹುದು. ಕೂಲಿಯವನಿಗೆ ಕೊಡಲಿಯ ಹದ ಪರೀಕ್ಷಿಸುವ ಅವಕಾಶವಿಲ್ಲ. ಯಜಮಾನ ಕೊಟ್ಟದ್ದನ್ನು ಹಿಡಿದು ದುಡಿಯುತ್ತಾನೆ. ಆಚಾರ್ರು ಮುರಿಯುವಾಗ ನೆನೆದದ್ದು ಅವನನ್ನು. "ಬೇಜಾರಾದ್ರೆ ಎರಡು ದಿನ ಇರ್ತದೆ. ಕಣ್ಣು ಹೋದ್ರೆ ಬರ್ತದಾ?" ಎಂದು ಅವರು ನಮ್ಮನ್ನೇ ಕೇಳಿದರು. ಕಾಯಕವೆಂಬ ಶಬ್ದವನ್ನು ನಾವು ಸಭೆಗಳಲ್ಲಿ ಎಷ್ಟೋ ಬಾರಿ ವಿವರಿಸಿದ್ದೇವೆ. ಆ ಪ್ರಶ್ನೆಗೆ ಸಮನಾದ ವಿವರಣೆಯನ್ನು ಕೊಟ್ಟ ನೆನಪಿಲ್ಲ.

ಹೊಸದಾಗಿ ಕಲಿಯುವವರಿಗೆ ಒಂದು ಮಾತು. ಕೊಡಲಿಯಿಂದ ಆರಂಭಿಸಬೇಡಿರಿ. ಕೊಂಡಿ, ಮೊಳೆ, ಚಿಲಕ ಮೊದಲು. ಆಮೇಲೆ ಕತ್ತಿ. ಹಳೆಯ ಗುದ್ದಲಿಗೆ, ಮೆಟ್ಟುಗತ್ತಿಗೆ ಬಾಯಿ ಹಾಕುವುದನ್ನು ಕಲಿತವನಿಗೆ ಊರಲ್ಲಿ ಕೆಲಸ ತಪ್ಪದು. ಪೇಟೆಯಲ್ಲಿ ಕಾರ್ಖಾನೆಯ ಕೊಡಲಿ ಸಿಕ್ಕುತ್ತದೆ, ಮೊಂಡಾದ ಕೊಡಲಿಗೆ ಹದ ಕೊಡುವವನು ಪೇಟೆಯಲ್ಲಿ ಸಿಕ್ಕುವುದಿಲ್ಲ. ಇದ್ದಿಲಿಗಾಗಿ ಕಾಡಿಗೆ ಕೈಹಾಕಬೇಕಿಲ್ಲ, ತೆಂಗಿನ ಕರಟದ ಇದ್ದಿಲು ಒಳ್ಳೆಯ ಕಾವು ಕೊಡುತ್ತದೆ. ಹಿಡಿಗೆ ದಡಸಲು ಮರ ಸಿಕ್ಕರೆ ಬೇರೆಯದನ್ನು ಹುಡುಕಬೇಡಿರಿ, ಅದು ಬಾಗುತ್ತದೆ, ಬೇಗ ಮುರಿಯದು. ಸುತ್ತಿಗೆಯ ವಿಷಯದಲ್ಲಿ ಆಚಾರ್ರು ಹುಡುಗನಿಗೆ ಹೇಳಿದ್ದನ್ನೇ ಬರೆಯುತ್ತೇವೆ: "ಕೆಂಪು ಹೋದ ಮೇಲೆ ಹೊಡೆದ ಪೆಟ್ಟು ಕಬ್ಬಿಣಕ್ಕಲ್ಲ ಮಾರಾಯ, ನಿನ್ನ ಹೆಗಲಿಗೆ." ಕೇಂದ್ರ ಸರ್ಕಾರವು ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭಿಸಿದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿಯ ದಿನಗಳಿಗೆ ಭತ್ಯೆ, ಸಲಕರಣೆಗೆ ಹದಿನೈದು ಸಾವಿರ ರೂಪಾಯಿವರೆಗೆ ನೆರವು ಅದರಲ್ಲಿದೆ. ಆಚಾರ್ರ ಮೊಮ್ಮಗನಿಗೆ ಅದರ ಅರ್ಜಿ ಬರೆದುಕೊಡಲು ಹುಡುಗ ಒಪ್ಪಿಕೊಂಡನು.

ಹೊರಡುವಾಗ ಗೃಹಸ್ಥರು ಬೇಲಿಯವರೆಗೆ ಬಂದು, ಆಚಾರ್ರಿಗೆ ಏನು ಕೊಡಬೇಕೆಂದು ಕೇಳಿದರು. ಹಿಂದೆ ಸುಗ್ಗಿಯ ಕಣದಲ್ಲಿ ಕಮ್ಮಾರನಿಗೆ ಆಯವೆಂದು ಭತ್ತ ಅಳೆಯುತ್ತಿದ್ದರು, ವರ್ಷವಿಡೀ ಗುದ್ದಲಿ ಕತ್ತಿಗಳ ಕೆಲಸಕ್ಕೆ ಅದೇ ಕೂಲಿ. ಈಗ ಆ ಪದ್ಧತಿ ಉಳಿದಿಲ್ಲ. ಒಬ್ಬ ನುರಿತ ಗಾರೆಯವನಿಗೆ ನೀವು ದಿನಕ್ಕೆ ಕೊಡುವಷ್ಟನ್ನು, ಮಗ ಕುಲುಮೆಯಲ್ಲಿ ಕೂತ ದಿನಗಳಿಗೆ ಲೆಕ್ಕ ಹಾಕಿ ತಿಂಗಳಿಗೊಮ್ಮೆ ಕೊಡಿರಿ. ಹೊಸ ಭತ್ತ ಬಂದಾಗ ಒಂದು ಮೂಟೆ ಬೇರೆಯೇ ಕಳಿಸಿರಿ. ಮಗನ ಕೈಯಲ್ಲಿ ಕಳಿಸದೆ ನೀವೇ ಹೋಗಿ ಕೊಡಿರಿ ಎಂದೆವು. ಅಮಾವಾಸ್ಯೆಯಂದು ಹೋಗಬೇಡಿರಿ, ಅಂದು ಅಲ್ಲಿ ಬೆಂಕಿ ಹೊತ್ತಿಸುವುದಿಲ್ಲ.